ಮೂರನೇ ಸೀಟಿಗೆ ನಿಂತ ದೋಣಿ

ಸಂಸಾರದಲ್ಲಿ ಪ್ರತಿಯೊಬ್ಬ ಗಂಡಸಿಗೂ ಒಂದು ಖಾತೆ ಇರುತ್ತದೆ. ನನ್ನದು ಕುಕ್ಕರಿನ ಸೀಟಿ ಎಣಿಸುವ ಖಾತೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಅದನ್ನು ಪೂರ್ತಿ ಮರೆತು, ಕಂಪ್ಯೂಟರಿನ ಮುಂದೆ ಕೂತವನಿಗೆ ಹಬೆಯ ಜೊತೆ ಉಳಿದಿರುವ ನಂಟು ಅಷ್ಟೇ. ಬೇಳೆಗೆ ಮೂರು ಸೀಟಿಯಾದ ಕೂಡಲೇ ಒಲೆ ಬಂದ್ ಮಾಡಬೇಕು. ಅದರಲ್ಲೂ ಎರಡಾದ ಮೇಲೆ ಯಾವುದೋ ಯೋಚನೆಗೆ ಬಿದ್ದು ಲೆಕ್ಕ ತಪ್ಪುತ್ತೇನೆ. ಕಳೆದ ವಾರ ಬೇಳೆ ತಳ ಹಿಡಿದಾಗ ಧಾರವಾಡದವಳಾದ ನನ್ನ ಹೆಂಡತಿ ಸುಮಂಗಲಾ ತೀರ್ಪು ಕೊಟ್ಟಳು: "ಇನ್ನೊಮ್ಮೆ ಹಿಂಗಾತಂದ್ರ ತಾನ ಬಂದ್ ಆಗೋ ಕರೆಂಟ್ ಕುಕ್ಕರ್ ತರಸ್ತೀನ್ರಿ. ನೀವು ಆರಾಮ ಕೂಡ್ರಿ." ಮನೆಯಲ್ಲಿ ಆರಾಮವಾಗಿ ಕೂರುವುದೆಂದರೆ ಯಾರಿಗೂ ಬೇಡವಾಗುವುದು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹೀಗಿರುವಾಗ ಶನಿವಾರ ಮಧ್ಯಾಹ್ನ, ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿನ ನಮ್ಮ ಮನೆಯ ಹತ್ತಿರದ ಹಳೆಯ ಕಾಲುವೆಯಲ್ಲಿ ಹಬೆದೋಣಿಗಳ ಮೇಳ. ಒಂದು ಕಾಲಕ್ಕೆ ಹೇಸರಗತ್ತೆಗಳು ದಡದಲ್ಲಿ ನಡೆಯುತ್ತ ಕಲ್ಲಿದ್ದಲ ದೋಣಿಗಳನ್ನು ಎಳೆದ ಕಾಲುವೆ ಅದು. ಈಗ ಅಲ್ಲಿ ಆಮೆಗಳು ಬಿಸಿಲು ಕಾಯಿಸುತ್ತವೆ, ನಾವು ವಾಕಿಂಗ್ ಮಾಡುತ್ತೇವೆ. ಐದಾರು ಪುಟ್ಟ ದೋಣಿಗಳಿದ್ದವು, ಪ್ರತಿಯೊಂದರ ನಡುವೆಯೂ ಹಿತ್ತಾಳೆ ಪಟ್ಟಿಯ ಬಾಯ್ಲರ್. ಟಾಮ್ ಎಂಬ ಎಪ್ಪತ್ತು ದಾಟಿದ ದೋಣಿಯ ಯಜಮಾನರಿಗೆ ನಾನು ಮೆಕ್ಯಾನಿಕಲ್ ಇಂಜಿನಿಯರ್ ಎಂದು ಹೇಳಿ ಕೆಟ್ಟೆ. ಅವರು ನಮ್ಮಿಬ್ಬರನ್ನೂ ಹತ್ತಿಸಿಕೊಂಡು, ಇಂಜಿನ್ನಿಗೆ ಹಬೆ ಬಿಡುವ ಚಕ್ರವನ್ನು ನನ್ನ ಕೈಗೇ ಕೊಟ್ಟರು. ತಾವು ಒಲೆಗೆ ಕಟ್ಟಿಗೆ ಹಾಕುವ ತನಕ ಸುಮ್ಮನೆ ಹಿಡಿದಿರಬೇಕು, ತಿರುಗಿಸಬಾರದು ಎಂದರು.

ದೋಣಿ ನೆಮ್ಮದಿಯಾಗಿ ಸಾಗಿತ್ತು. ಎದುರಿಗೆ ಬಂದ ದೋಣಿಯವರು ನಮಗೆ ಸಲಾಮಿನ ಸೀಟಿ ಹಾಕಿದರು. ಒಂದು. ಎರಡು. ಸುಮಂಗಲಾ ನನ್ನ ಕಡೆ ನೋಡಿದಳು, ಅಥವಾ ನನಗೆ ಹಾಗನ್ನಿಸಿತು. ಮೂರು. ನನ್ನ ಕೈ ತಾನಾಗಿಯೇ ಚಕ್ರವನ್ನು ಗರಗರನೆ ತಿರುಗಿಸಿ ಬಂದ್ ಮಾಡಿತು.

ದೋಣಿ ಕಾಲುವೆಗೆ ಅಡ್ಡಡ್ಡ ತಿರುಗಿ ನಿಂತಿತು. ಹೋಗಲು ದಾರಿಯಿಲ್ಲದ ಹಬೆ ಮೇಲಿನ ವಾಲ್ವಿನಿಂದ ಬುಸ್ಸೆಂದು ಹೊರಟಿತು. ದಡದ ಜನ ಇದೂ ಪ್ರದರ್ಶನದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಯಾಕೆ ನಿಲ್ಲಿಸಿದಿರಿ ಎಂದು ಟಾಮ್ ಕೇಳಿದರು. ಸುಮಂಗಲಾಳೇ ನಮ್ಮ ಅಡುಗೆಮನೆಯ ಕಾನೂನನ್ನು ಅವರಿಗೆ ವಿವರಿಸಿದಳು. ಅವರು ನಗುತ್ತ ನಗುತ್ತ ಮಸಿ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡರು.

"ಇಪ್ಪತ್ತು ವರ್ಷದಾಗ ಇವತ್ತ ಮೊದಲನೇ ಸಲ ಕರೆಕ್ಟ್ ಮೂರಕ್ಕ ಬಂದ್ ಮಾಡೀರಿ ನೋಡ್ರಿ," ಎಂದಳು ಸುಮಂಗಲಾ. "ಕರೆಂಟ್ ಕುಕ್ಕರ್ ಬ್ಯಾಡ ಬಿಡ್ರಿ." ಆಫೀಸಿನಲ್ಲಿ ಪ್ರಮೋಷನ್ ಬಂದಾಗಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ.

ಮನೆಗೆ ಬಂದವಳೇ ಬೇಳೆಗಿಟ್ಟು, ಖಾತೆಯನ್ನು ನನಗೇ ಒಪ್ಪಿಸಿ ಸ್ನಾನಕ್ಕೆ ಹೋದಳು. ಈ ವಿಜಯವನ್ನು ಬಿಸಿಬಿಸಿಯಾಗಿ ಬರೆದಿಡೋಣ ಎಂದು ನಾನು ಒಲೆಯ ಪಕ್ಕದಲ್ಲೇ ಕೂತೆ. ಈಗ ಬಚ್ಚಲಿನಿಂದ ಕೇಳುತ್ತಿದ್ದಾಳೆ, "ಎಷ್ಟ್ ಸೀಟಿ ಆದೂರಿ?"

"ಎರಡು" ಎಂದು ಗಟ್ಟಿಯಾಗಿ ಹೇಳಿದ್ದೇನೆ. ವಾಸನೆ ಮಾತ್ರ ಏಳು ಎನ್ನುತ್ತಿದೆ.