ಶಿಮ್ಲಾ ರೈಲಿನಲ್ಲಿ ನನ್ನ ಸೀಟು

ನಕಾಶೆ ಓದುವುದರಲ್ಲಿ ನನ್ನನ್ನು ಮೀರಿಸುವವರು ಲಂಡನ್ನಿನ ಕನ್ನಡಿಗರಲ್ಲಿ ಯಾರೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಕೊಲಿಂಡೇಲ್‌ನಿಂದ ಈಸ್ಟ್ ಹ್ಯಾಮ್‌ನ ಸೀರೆ ಅಂಗಡಿಗೆ ಹೋಗುವುದು ಹೇಗೆ, ಎಲ್ಲಿ ಟ್ಯೂಬ್ ರೈಲು ಬದಲಿಸಿದರೆ ಮೆಟ್ಟಿಲು ಕಡಿಮೆ, ಯಾವ ಡಬ್ಬಿ ಹತ್ತಿದರೆ ಇಳಿದ ಕೂಡಲೇ ಎದುರಿಗೆ ಲಿಫ್ಟ್, ಎಲ್ಲದಕ್ಕೂ ಅಕ್ಸ್‌ಬ್ರಿಡ್ಜ್‌ನ ನಮ್ಮ ಮನೆಗೇ ಫೋನು ಬರುತ್ತಿತ್ತು. ಹೀಗಿರುವಾಗ ಶಿಮ್ಲಾ ಯಾವ ಲೆಕ್ಕ!

ಶಿಮ್ಲಾದ ಆಸೆ ನನ್ನದಲ್ಲ, ನನ್ನ ಹೆಂಡತಿ ವಸುಧಾಳದು. ಧಾರವಾಡದ ಶಾಲೆಯಲ್ಲಿ ಅವಳ ಭೂಗೋಳದ ಪುಸ್ತಕದಲ್ಲಿ ಗುಡ್ಡ ಸುತ್ತಿ ಹೋಗುವ ಪುಟ್ಟ ರೈಲಿನ ಚಿತ್ರವೊಂದಿತ್ತಂತೆ. ಆಮೇಲೆ ಡಾಕ್ಟರಾದಳು, ನನ್ನನ್ನು ಮದುವೆಯಾದಳು, ಲಂಡನ್ನಿಗೆ ಬಂದಳು, ಹದಿನೈದು ವರ್ಷ ದಿನವೂ ರೈಲಿನಲ್ಲೇ ಆಸ್ಪತ್ರೆಗೆ ಹೋದಳು. ಅದರಲ್ಲಿ ಅರ್ಧ ದಾರಿ ನೆಲದ ಕೆಳಗೆ. ಉಳಿದರ್ಧ ನಿದ್ದೆಯಲ್ಲಿ.

"ಒಂದ ಸಲ ಹಗಲಾಗ, ಕಿಡಕಿ ಪಕ್ಕ ಕೂತು, ಆ ರೈಲಿನ್ಯಾಗ ಬರಬೇಕ್ರಿ. ಬ್ಯಾರೆ ಏನೂ ಬ್ಯಾಡ ನನಗ," ಎಂದಳು.

"ಇಷ್ಟ ಏನು? ನನಗ ಬಿಡು!" ಎಂದೆ. ಅನಾಹುತ ಶುರುವಾದದ್ದು ಅಲ್ಲಿಂದ.

ಆ ವರ್ಷ ದಿಲ್ಲಿಯಲ್ಲಿ ಅವಳ ಚಿಕ್ಕಪ್ಪನ ಮಗಳ ಮದುವೆಯಿತ್ತು. ಎರಡು ದೀಪಾವಳಿ ಡ್ಯೂಟಿ ಮಾಡಿ ಗಳಿಸಿದ ರಜೆಯಲ್ಲಿ ಅವಳಿಗೆ ಮಿಕ್ಕಿದ್ದು ಎರಡೇ ದಿನ. ಕಡಿಮೆ ಖರ್ಚಿನಲ್ಲಿ ಮುಗಿಸಲು ನಾನೇ ಯೋಜನೆ ಹಾಕಿದೆ: ಹೋಗುವಾಗ ಬಸ್ಸು, ಬರುವಾಗ ಪುಟ್ಟ ರೈಲು, ನಡುವೆ ಸ್ಟೇಷನ್ನಿಗೆ ಹತ್ತಿರದ ಅಗ್ಗದ ಲಾಡ್ಜು. ಹತ್ತಿರವೆಂದರೆ ಎಷ್ಟು? ಆಫೀಸಿನ ಪ್ರಿಂಟರಿನಲ್ಲಿ ತೆಗೆದ ನಕಾಶೆಯ ಮೇಲೆ ನನ್ನ ಕಿರುಬೆರಳಿನ ಉಗುರಿನಷ್ಟು!

ಶಿಮ್ಲಾದಲ್ಲಿ ಸ್ಟೇಷನ್ನಿನ ಬಳಿಯೇ ಬಸ್ಸು ಇಳಿದಾಗ ಹಗ್ಗ ಹಿಡಿದ ಹಮಾಲರು ಸುತ್ತುವರಿದರು. ನಾನು ಕೈ ಎತ್ತಿ ತಡೆದೆ. ಹದಿನೈದು ವರ್ಷ ಇಂಗ್ಲೆಂಡಿನಲ್ಲಿದ್ದು ಒಬ್ಬರ ಕೈಗೂ ನನ್ನ ಚೀಲ ಕೊಟ್ಟವನಲ್ಲ. ತನ್ನ ಭಾರ ತಾನೇ ಹೊರುವುದು ನಾಗರಿಕತೆಯ ಮೊದಲ ಲಕ್ಷಣ ಎಂದು ಮಗಳು ಅನಘಾಳಿಗೆ ದಾರಿಯುದ್ದಕ್ಕೂ ವಿವರಿಸಿದೆ. ವಿವರಣೆ ಅರ್ಧಕ್ಕೇ ನಿಂತಿತು, ಉಸಿರು ಸಾಲಲಿಲ್ಲ. ಉಗುರಿನಷ್ಟು ದಾರಿಗೆ ಒಂದು ತಾಸು ಹಿಡಿಯಿತು.

ಆದರೆ ಊರು! ಹಳದಿ ಇಗರ್ಜಿ, ಮರದ ಬಾಲ್ಕನಿಗಳು, ದೇವದಾರು ಮರಗಳ ನಡುವೆ ಇಣುಕುವ ಕೆಂಪು ತಗಡಿನ ಮಾಡುಗಳು. ಊರ ನೆನಪು ಕಾಡಿದ ಇಂಗ್ಲಿಷರು ಇಷ್ಟು ಎತ್ತರಕ್ಕೆ ಬಂದು ತಮ್ಮ ಊರನ್ನೇ ಕಟ್ಟಿಕೊಂಡಿದ್ದರು. ಅವರ ಊರಿನಿಂದ ನಾವು ಅದನ್ನು ನೋಡಲು ಬಂದಿದ್ದೆವು.

"ಅಕ್ಸ್‌ಬ್ರಿಡ್ಜ್ ಹೈಸ್ಟ್ರೀಟನ್ನ ಎತ್ತಿ ಗುಡ್ಡದ ಮ್ಯಾಲ ಇಟ್ಟಾರ ನೋಡ್ರಿ," ಎಂದಳು ವಸುಧಾ. "ಆದ್ರ ಇಲ್ಲಿ ಬಿಸಲು ಐತಿ!" ಅವಳು ಅಷ್ಟು ನಕ್ಕದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ರೈಲು. ಲಾಡ್ಜಿನ ಬಾಗಿಲಲ್ಲಿ ಬಿಳಿಗಡ್ಡದ ಮುದುಕ ಹಮಾಲನೊಬ್ಬ ಕೂತಿದ್ದ. ವಸುಧಾ ತನ್ನ ಮತ್ತು ಅನಘಾಳ ಚೀಲಗಳನ್ನು ಕೊಟ್ಟುಬಿಟ್ಟಳು.

"ನಿಮ್ಮದೂ ಕೊಡ್ರಿ. ರೈಲು ತಪ್ಪಿದ್ರ ಮತ್ತ ನನಗ ರಜಾ ಇಲ್ಲ."

"ಇದಕ್ಕ ಗಾಲಿ ಅದಾವ! ಹತ್ತೋದು ಕಷ್ಟ, ಇಳಿಯೋದೇನು ಮಹಾ? ನೀವು ಅವನ ಹಿಂದ ನಡೀರಿ. ನಾ ನಕಾಶೆ ಪ್ರಕಾರ ಒಳದಾರಿ ಹಿಡದು ಮೊದಲ ಬಂದಿರ್ತೀನಿ."

"ಅಪ್ಪಾ, ದಿಸ್ ಈಸ್ ನಾಟ್ ದ ಟ್ಯೂಬ್," ಎಂದಳು ಅನಘಾ. ಹನ್ನೆರಡು ವರ್ಷದ ಹುಡುಗಿಗೆ ಏನು ಗೊತ್ತು!

ನಕಾಶೆಯಲ್ಲಿ ಮೈಗೆ ಮೈ ತಾಗಿಸಿಕೊಂಡಿದ್ದ ಎರಡು ರಸ್ತೆಗಳು ನಿಜದಲ್ಲಿ ಒಂದರ ತಲೆಯ ಮೇಲೆ ಒಂದಿದ್ದವು. ನಡುವೆ ಪಾತಾಳಕ್ಕಿಳಿಯುವ ಮೆಟ್ಟಿಲುಗಳು. ಹತ್ತನೆಯ ಮೆಟ್ಟಿಲಿಗೆ ನನ್ನ ನೀಲಿ ಸೂಟ್‌ಕೇಸಿನ ಒಂದು ಗಾಲಿ ಕಳಚಿತು. ಅದನ್ನು ಹಿಡಿಯಲು ಬಗ್ಗಿದೆ. ಸೂಟ್‌ಕೇಸ್ ಕೈಬಿಟ್ಟಿತು! ಧಡಧಡನೆ ಇಳಿದು ಕೆಳಗಿನ ಸ್ವೆಟರ್ ಅಂಗಡಿಯ ರಾಶಿಯೊಳಗೆ ಸೇರಿಕೊಂಡಿತು. ಅಂಗಡಿಯಾಕೆ ನನಗೊಂದು ಮಫ್ಲರ್ ತೋರಿಸಿದಳು. ಸಂಕೋಚಕ್ಕೆ ಕೊಂಡೆ.

ಅಷ್ಟರಲ್ಲಿ ಅದೇ ಮುದುಕ ಮೇಲೆ ಹತ್ತಿ ಬಂದ. ಅವರಿಬ್ಬರನ್ನೂ ರೈಲಿನಲ್ಲಿ ಕೂರಿಸಿ ಆಗಿತ್ತು. "ಮೇಮ್‌ಸಾಬ್ ಕಳಿಸಿದರು," ಎಂದು ಹಿಂದಿಯಲ್ಲಿ ಹೇಳಿ, ಸೂಟ್‌ಕೇಸನ್ನು ಬೆನ್ನಿಗೆ ಬಿಗಿದುಕೊಂಡು, ಮನೆಯಂಗಳ ದಾಟುವವನ ಹಾಗೆ ಇಳಿದುಹೋದ. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವನಿರಬೇಕು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಕೈಮುಗಿಯಬೇಕೆನ್ನಿಸಿತು. ಆದರೆ ಕೈಗಳು ಕಂಬಿ ಹಿಡಿದುಕೊಂಡಿದ್ದವು.

ಏದುಸಿರು ಬಿಡುತ್ತ ಪ್ಲಾಟ್‌ಫಾರ್ಮಿಗೆ ಬಂದರೆ ರೈಲು ಇನ್ನೂ ನಿಂತಿತ್ತು! ಕಿಟಕಿಯಲ್ಲಿ ವಸುಧಾಳ ಮುಖ, ಒಳಗೆ ಆಗಲೇ ನನ್ನ ಸೂಟ್‌ಕೇಸ್. ಎದುರಿಗೆ ಹತ್ತು ಮಂದಿಯ ಒಂದು ಸಾಲು. ಸಾಲು ಕಂಡರೆ ಇಂಗ್ಲೆಂಡಿನಲ್ಲಿ ಪಳಗಿದವನು ಮಾಡುವುದೇನು? ಹೋಗಿ ಬಾಲಕ್ಕೆ ನಿಂತೆ. ಒಳಗೆ ಬಿಡುವ ಮುನ್ನ ಟಿಕೆಟ್ ನೋಡುತ್ತಿರಬೇಕು ಎಂದುಕೊಂಡೆ. ಅವಸರದಲ್ಲಿದ್ದ ಇಬ್ಬರನ್ನು "ನೀವು ಮೊದಲು" ಎಂದು ಮುಂದೆ ಬಿಟ್ಟೆ. ವಸುಧಾ ಎರಡೂ ಕೈ ಬೀಸಿ ಕೂಗುತ್ತಿದ್ದಳು. ಸಾಲಿನಲ್ಲಿದ್ದೇನೆ, ತಾಳು ಎಂದು ಸನ್ನೆ ಮಾಡಿದೆ.

ನನ್ನ ಸರದಿ ಬಂತು.

"ಒಂದಾ, ಎರಡಾ?" ಎಂದು ಕೇಳಿದ ಒಳಗಿದ್ದವನು. ಅದು ಚಹಾದ ಸಾಲು!

ಕೈಗೆ ಚಹಾ ಬಂತು. ರೈಲು ಹೊರಟಿತು.

ವಸುಧಾ ಸೀಟು ಬಿಟ್ಟು ಎದ್ದಳು. ಅವಳು ಇಳಿದರೆ ಎಲ್ಲ ಮುಗಿಯಿತು. "ಇಳೀಬ್ಯಾಡ! ಕೂಡು! ನಾ ಬಸ್ಸಿಗೆ ಬರ್ತೀನಿ!" ಎಂದು ಕೂಗಿದೆ. ಆ ಎರಡು ದಿನಗಳಲ್ಲಿ ನನ್ನ ಬಾಯಿಂದ ಬಂದ ಒಂದೇ ಬುದ್ಧಿವಂತಿಕೆಯ ಮಾತು ಅದು. ಪುಟ್ಟ ರೈಲು ತಿರುವಿನಲ್ಲಿ ಬಾಗಿ, ಹಸಿರಿನೊಳಗೆ ಮರೆಯಾಯಿತು. ಹೊರಗಿನಿಂದ ನೋಡಲು ಅದು ನಿಜಕ್ಕೂ ಬಹಳ ಚೆಂದ! ಮುದುಕ ನನ್ನ ತೋಳು ಹಿಡಿದು ಬಸ್ಸಿನವರೆಗೂ ಕರೆದೊಯ್ದ. ನಕಾಶೆ ಕೇಳಲಿಲ್ಲ.

ಬಸ್ಸು ರೈಲಿಗಿಂತ ಎರಡು ತಾಸು ಮೊದಲೇ ಗುಡ್ಡದ ಬುಡದ ಕಾಲ್ಕಾ ತಲುಪಿತು; ಪುಟ್ಟ ರೈಲಿನ ಕೊನೆಯ ಸ್ಟೇಷನ್ ಅದೇ. ಮಫ್ಲರ್ ಸುತ್ತಿಕೊಂಡು, ಬೈಗುಳಕ್ಕೆ ಸಿದ್ಧನಾಗಿ ಪ್ಲಾಟ್‌ಫಾರ್ಮಿನಲ್ಲಿ ಕೂತೆ. ರೈಲು ಬಂತು. ಇಳಿದವಳ ಕೂದಲೆಲ್ಲ ಗಾಳಿಗೆ ಕೆದರಿತ್ತು, ಮೂಗು ಕೆಂಪಾಗಿತ್ತು, ಕಣ್ಣು ಶಾಲೆಯ ಹುಡುಗಿಯದಾಗಿತ್ತು.

"ಪುಸ್ತಕದಾಗಿದ್ದಕ್ಕಿಂತ ಛಲೋ ಐತ್ರಿ!" ಎಂದಳು. ಬೈಯಲಿಲ್ಲ.

ಯಾರೋ ಸಹಪ್ರಯಾಣಿಕರು ತೆಗೆದುಕೊಟ್ಟ ಫೋಟೋ ಈಗ ಅಕ್ಸ್‌ಬ್ರಿಡ್ಜ್‌ನ ನಮ್ಮ ಮನೆಯ ಗೋಡೆಯ ಮೇಲಿದೆ. ಕಿಟಕಿ ಪಕ್ಕ ವಸುಧಾ, ಪಕ್ಕದಲ್ಲಿ ಅನಘಾ, ಎದುರಿನ ನನ್ನ ಸೀಟಿನಲ್ಲಿ ಒಂದು ಗಾಲಿಯಿಲ್ಲದ ನೀಲಿ ಸೂಟ್‌ಕೇಸ್. ಬಂದವರೆಲ್ಲ ಕೇಳುತ್ತಾರೆ, "ಯಜಮಾನರು ಎಲ್ಲಿ?"

"ಅವರ ಬದ್ಲಿ ಅದು ಬಂತು," ಎನ್ನುತ್ತಾಳೆ ವಸುಧಾ. "ಭಾಳ ಛಲೋ ಜೋಡಿ ಆತು. ಕೆಳಗ ಬರೋತನಕ ದಾರಿ ಬಗ್ಗೆ ಒಂದ ಮಾತು ಆಡಲಿಲ್ಲ."

ನಾನು ಎದ್ದು ಚಹಾ ಮಾಡಲು ಹೋಗುತ್ತೇನೆ. ನಮ್ಮ ಅಡುಗೆಮನೆಯಲ್ಲಿ ಸಾಲಿಲ್ಲ.