ಕರಿ ಪರದೆಯ ಕುಲ

ಆಫೀಸಿನಲ್ಲಿ ಎಲ್ಲರೂ ಅವನನ್ನು ಹಂಗಾಮಿ ಎಂದೇ ಕರೆಯುತ್ತಿದ್ದರು. ಅವನ ಆರು ತಿಂಗಳ ಪರೀಕ್ಷಾವಧಿ ಇವತ್ತು ಸಂಜೆಗೆ ಮುಗಿಯುತ್ತಿತ್ತು. ಇವರು ಪ್ರೋಗ್ರಾಂ ಬರೆದುಕೊಟ್ಟಿದ್ದ ಯಾವುದೋ ಆಸ್ಪತ್ರೆಯ ಟೋಕನ್ ಬೋರ್ಡು ನಲವತ್ತೊಂದನೇ ನಂಬರನ್ನೇ ಮತ್ತೆ ಮತ್ತೆ ಕೂಗುತ್ತಿತ್ತು. ಅದನ್ನು ಸರಿಪಡಿಸಿದರೆ ಕೆಲಸ ಕಾಯಂ. ತಪ್ಪು ಎಲ್ಲಿದೆಯೆಂದು ಬೆಳಿಗ್ಗೆಯೇ ಕಂಡುಹಿಡಿದಿದ್ದ. ಒಂದು ಸಾಲು ತಿದ್ದಿದರೆ ಮುಗಿಯಿತು.

ಅಷ್ಟರಲ್ಲಿ, ಕೈ ತೊಳೆಯಲು ಹೊರಟಿದ್ದ ಹಿರಿಯ ಪ್ರೋಗ್ರಾಮರ್, ಎಲ್ಲರ ಬಾಯಲ್ಲಿ ಪಂಡಿತ, ಅವನ ಕಂಪ್ಯೂಟರ್ ಪರದೆಯೊಳಕ್ಕೆ ಇಣುಕಿದ.

"ಏನಪ್ಪಾ, ರಜೆ ಚೀಟಿ ಬರೆಯೋ ಎಡಿಟರಲ್ಲಿ ಪ್ರೋಗ್ರಾಂ ಬರೀತಿದ್ದೀಯಾ?"

ಎಡಿಟರ್ ಎಂದರೆ ಪ್ರೋಗ್ರಾಂ ಟೈಪ್ ಮಾಡುವ ತಂತ್ರಾಂಶ. ಅದರ ಮೇಲೆ ಆ ಆಫೀಸಿನಲ್ಲಿ ಎರಡು ಕುಲ. ಕರಿ ಪರದೆಯ ಎಡಿಟರಿನಲ್ಲಿ ಮೌಸ್ ಮುಟ್ಟದೆ ಬರೆಯುವವರು ಕಿಟಕಿ ಸಾಲಿನಲ್ಲಿ. ಮೌಸ್ ಹಿಡಿದು ಸಾದಾ ಬಿಳಿ ಪರದೆಯಲ್ಲಿ ಬರೆಯುವವರು ಶೌಚಾಲಯದ ಬಾಗಿಲಲ್ಲಿ. ಹೀಗೇ ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಮೌಸ್ ಹಿಡಿದವನ ಪಕ್ಕ ಕೂರಲು ಕಿಟಕಿಯವರಿಗೆ ಏನೋ ಕಸಿವಿಸಿ, ಅಷ್ಟೆ.

"ಸಂಜೆ ಬಾಸ್ ಬಂದು ಮೊದಲು ನೋಡೋದೇ ಪರದೇನ. ಇದರಲ್ಲಿ ಬರೆದೋನು ಕಾಯಂ ಆಗಿದ್ದನ್ನ ನಾನಂತೂ ಕಂಡಿಲ್ಲ" ಎಂದ ಪಂಡಿತ, ತಾನೇ ಕೂತು ಕರಿ ಪರದೆ ಹಾಕಿಕೊಟ್ಟ.

ಅಲ್ಲಿ ಒಂದೊಂದು ಕೀಲಿಯೂ ಒಂದೊಂದು ಆಜ್ಞೆ. ಹಂಗಾಮಿ ಒಂದು ಸಾಲು ಬರೆಯಹೋದರೆ ಮೂರು ಸಾಲು ಮಾಯವಾದವು. ಅವನ್ನು ಕರೆತರಲು ಹೋದರೆ ಪರದೆ, ಪಾಲು ಕೇಳಿದ ಅಣ್ಣತಮ್ಮಂದಿರ ಮನೆಯಂತೆ, ನಡುವೆ ಸೀಳಿಕೊಂಡಿತು. ಉಪಕಾರ ಮಾಡಲು ಕಿಟಕಿ ಸಾಲಿನಿಂದ ಇನ್ನೂ ಐವರು ಎದ್ದು ಬಂದರು. ಒಬ್ಬ ಬಣ್ಣ ಬದಲಿಸಿದ, ಇನ್ನೊಬ್ಬ ಕೀಲಿಗಳನ್ನೇ ಅದಲು ಬದಲು ಮಾಡಿದ. ಮೂರು ಗಂಟೆಗೆ, ಯಾರ ಪದ್ಧತಿ ಶ್ರೇಷ್ಠ ಎಂದು ಆರೂ ಜನ ಅವನ ತಲೆಯ ಮೇಲೆಯೇ ವಾದಕ್ಕೆ ನಿಂತರು. ಸರಿಪಡಿಸಬೇಕಾದ್ದು ಏನೆಂದು ಒಬ್ಬನೂ ಕೇಳಲಿಲ್ಲ. ನಾಲ್ಕಕ್ಕೆ ಅವನ ಕುರ್ಚಿ ಖಾಲಿಯಾದದ್ದೂ ಯಾರಿಗೂ ಗೊತ್ತಾಗಲಿಲ್ಲ.

ಹಿಂದಿನ ಕೋಣೆಯಲ್ಲಿ, ಇವರೆಲ್ಲ ಬರೆದದ್ದನ್ನು ಪರೀಕ್ಷಿಸುವ ಅಕ್ಕ ಇದ್ದಳು. ಹಂಗಾಮಿ ಐದು ನಿಮಿಷ ಅವಳ ಕಂಪ್ಯೂಟರ್ ಬೇಡಿ, ಬಿಳಿ ಪರದೆಯಲ್ಲಿ ಆ ಸಾಲು ತಿದ್ದಿ ಕಳಿಸಿದ. ಬೋರ್ಡು ನಲವತ್ತೆರಡು ಎಂದಿತು. ನೆಮ್ಮದಿಯಿಂದ ಬಂದು ಕರಿ ಪರದೆಯ ಮುಂದೆ ಗಂಭೀರವಾಗಿ ಕೂತ.

ಐದಕ್ಕೆ ಬಾಸ್ ಬಂದು ತಿದ್ದುಪಡಿಗಳ ದಾಖಲೆ ತೆರೆದರು. ತಿದ್ದಿದ್ದು ಯಾರ ಕಂಪ್ಯೂಟರಿನಿಂದಲೋ ಅವರದೇ ಹೆಸರು ಅಲ್ಲಿ ಬೀಳುತ್ತದೆ. ಅಕ್ಕನ ಹೆಸರಿತ್ತು.

ಹಂಗಾಮಿ ಎದ್ದು ನಿಂತ. "ಸರ್, ಬರೆದಿದ್ದು ನಾನು. ಅಕ್ಕನ ಕಂಪ್ಯೂಟರಲ್ಲಿ, ಬಿಳಿ ಪರದೇಲಿ."

ಅಕ್ಕನೂ ಹೌದೆಂದಳು. ಆದರೆ ಶಿಷ್ಯನ ಮಾನ ಹೋಗುವುದನ್ನು ಪಂಡಿತ ಸಹಿಸುವುದುಂಟೇ?

"ಛೆ ಛೆ, ಇಲ್ಲ ಸರ್. ಬೆಳಿಗ್ಗೆಯಿಂದ ಕರಿ ಪರದೆ ಬಿಟ್ಟು ಎದ್ದಿಲ್ಲ ಇವನು. ಬಿಳೀದನ್ನ ಮುಟ್ಟೋನೇ ಅಲ್ಲ. ನಾವು ಆರು ಜನ ಸಾಕ್ಷಿ."

ಉಳಿದ ಐದು ತಲೆಗಳೂ ಭಕ್ತಿಯಿಂದ ಆಡಿದವು.

ಬಾಸ್ ಅಕ್ಕನ ಕಡೆ ತಿರುಗಿ, ನಿಮ್ಮದು ದೊಡ್ಡ ಮನಸ್ಸಮ್ಮ, ನೀವು ಮಾಡಿದ್ದನ್ನು ಇವನಿಗೆ ಬಿಟ್ಟುಕೊಡುತ್ತಿದ್ದೀರಿ, ನಾಳೆಯಿಂದ ನೀವು ಪ್ರೋಗ್ರಾಮರ್ ಎಂದರು. ಆಮೇಲೆ ಹಂಗಾಮಿಯ ಹೆಗಲ ಮೇಲೆ ಕೈಯಿಟ್ಟರು.

"ಇನ್ನೊಬ್ಬರ ದುಡಿಮೆ ನಂದು ಅನ್ನಬಾರದಪ್ಪ. ಇನ್ನಾರು ತಿಂಗಳು ಹೀಗೇ ಇರು. ನಾನು ಮೂವತ್ತು ವರ್ಷದಿಂದ ಬರೀತಿರೋದು ಬಿಳಿ ಪರದೇಲೇ. ಅಕ್ಕನ ಪಕ್ಕ ಕೂತು ಕಲಿತುಕೋ, ಅದೇನು ಕಷ್ಟ ಇಲ್ಲ."