ಬೆಂಗಳೂರಿಗೆ ಹೋದ ಬಾವಿನೀರು

ವರದಿಗಾರನಿಗೆ ಊರಿನ ನಲ್ಲಿಗಳಲ್ಲೆಲ್ಲ ಹುಳು ಕಾಣುತ್ತದೆ. ಮನೆಯ ಬಾವಿಯಲ್ಲಿ ಮಾತ್ರ ಎಳನೀರು ಕಾಣುತ್ತದೆ. ತೊಂಬತ್ತರ ದಶಕದಲ್ಲಿ ನಾನು ಶಿಡ್ಲಘಟ್ಟದಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಎರಡೂ ಕಡೆಯವರನ್ನು ವಿಚಾರಿಸದೆ ಒಂದು ಸಾಲೂ ಬರೆದವನಲ್ಲ. ನಮ್ಮ ಬಾವಿಯ ವಿಷಯದಲ್ಲಿ ಮಾತ್ರ ಅಮ್ಮನೊಬ್ಬಳನ್ನೇ ಕೇಳಿ ಸುಮ್ಮನಿದ್ದೆ. ಅಮ್ಮನ ಸಾಕ್ಷಿ ಪಕ್ಕದ ಮನೆಯ ರಹಮತ್ ಸಾಬರು. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಅವರು ನಮ್ಮ ಬಾವಿಯಿಂದಲೇ ನೀರು ಒಯ್ಯುತ್ತಿದ್ದರು. "ಈ ನೀರಲ್ಲಿ ತೆಗೆದ್ರೆ ನೂಲು ಫಳಫಳ ಅಂತದೆ, ಅಮ್ಮ" ಎಂದು ಅವರು ಕೊಟ್ಟ ಸರ್ಟಿಫಿಕೇಟನ್ನು ನಂಬಿ ನಾವೆಲ್ಲ ಕಾಯಿಸದೆ ಕುಡಿಯುತ್ತಿದ್ದೆವು. ರೇಷ್ಮೆಗೆ ಹೊಟ್ಟೆಯಿಲ್ಲವೆಂಬುದು ಯಾರಿಗೂ ತೋಚಲಿಲ್ಲ.

ಆರು ವರ್ಷದ ಮಗಳು ರಶ್ಮಿಗೆ ಎರಡು ತಿಂಗಳಿಂದ ಭೇದಿ. ಔಷಧಿಗೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಫ್ರಾಕು ಹೆಗಲಿಂದ ಜಾರುವಷ್ಟು ಮಗು ಸೊರಗಿತ್ತು. ಡಾಕ್ಟರು ಎರಡು ಸಲ ಮಲಪರೀಕ್ಷೆ ಮಾಡಿಸಿದರೂ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣಲಿಲ್ಲ. ಆಗ ಬಂದವಳು ನನ್ನ ಅಕ್ಕನ ಮಗಳು ವನಜ. ನೀರಿನಲ್ಲಿ ಅಡಗಿರುವ ಪರಾವಲಂಬಿ ಜೀವಿಗಳನ್ನು ಡಿಎನ್‌ಎಯಿಂದ ಪತ್ತೆಹಚ್ಚುವುದು ಬೆಂಗಳೂರಿನ ಲ್ಯಾಬಿನಲ್ಲಿ ಅವಳ ಕೆಲಸ. "ಒಂದೆರಡು ಇದ್ರೆ ಕಣ್ಣಿಗೆ ಬೀಳಲ್ಲ ಮಾಮ. ಅದರ ಡಿಎನ್‌ಎ ತುಣುಕನ್ನ ಲಕ್ಷಗಟ್ಟಲೆ ನಕಲು ಮಾಡಿದ್ರೆ ಸಿಕ್ಕಿಬೀಳುತ್ತೆ" ಎಂದಳು. ಒಂದನ್ನು ಸಾವಿರ ಪ್ರತಿ ಮಾಡುವುದು ಪತ್ರಿಕೆಯವರಿಗೂ ಗೊತ್ತಿರುವ ವಿದ್ಯೆಯಾದ್ದರಿಂದ ನಾನು ಗಂಭೀರವಾಗಿ ತಲೆಯಾಡಿಸಿದೆ. ಬೆಳಿಗ್ಗೆ ಅಮ್ಮ ಬಾವಿನೀರು ತುಂಬಿಸಿಕೊಟ್ಟ ಕ್ಯಾನಿನೊಂದಿಗೆ ಅವಳು ಬಸ್ಸು ಹತ್ತಿದಳು.

ವಾರದ ಮೇಲೆ ಫೋನು ಬಂತು. ನೀರಿನಲ್ಲಿ ಭೇದಿ ತರುವ ಜಿಯಾರ್ಡಿಯಾ ಎಂಬ ಜೀವಿ ಸಿಕ್ಕಿತ್ತು. ಅಮ್ಮ ನನ್ನ ಕೈಯಿಂದ ರಿಸೀವರು ಕಿತ್ತುಕೊಂಡಳು.

"ನಿನ್ನ ಮಿಷನ್ನು ಸುಳ್ಳು ಹೇಳ್ತದೆ ಕಣೇ! ಆ ನೀರನ್ನ ಕುದಿಸಿ, ಆರಿಸಿ, ನಾಲ್ಕು ಮಡಿಕೆ ಪಂಚೇಲಿ ಸೋಸಿ ತುಂಬಿದೀನಿ."

"ಅಯ್ಯೋ ಅಜ್ಜೀ, ಯಾಕೆ?"

"ದೊಡ್ಡೋರ ಮುಂದೆ ಹೋಗೋ ನೀರಮ್ಮ. ಹೆಣ್ಣು ನೋಡೋಕೆ ಬಂದ್ರೆ ಮುಖ ತೊಳೆಸಿ ಕೂರಿಸಲ್ವಾ?"

ಕುದಿಸಿದ ನೀರಿನಲ್ಲಿ ಜೀವಿ ಎಲ್ಲಿಂದ ಬಂತು? ಪರೀಕ್ಷೆಯೇ ಬಿದ್ದುಹೋಯಿತೆಂದು ನಾನು ಒಳಗೊಳಗೇ ಹಿಗ್ಗಿದೆ. ಮಗಳ ಹೊಟ್ಟೆಗಿಂತ ಬಾವಿಯ ಮಾನ ದೊಡ್ಡದಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ರಿಸೀವರು ಮತ್ತೆ ನನ್ನ ಕೈಗೆ ಬಂದಾಗ ವನಜ ನಗುತ್ತಿದ್ದಳು. "ಸತ್ತಿದ್ರೂ ಡಿಎನ್‌ಎ ಉಳಿದಿರುತ್ತೆ ಮಾಮ. ಬದುಕಿದೆಯೋ ಸತ್ತಿದೆಯೋ ನನ್ನ ಟೆಸ್ಟು ಹೇಳಲ್ಲ. ಇತ್ತು ಅಂತ ಹೇಳುತ್ತೆ. ಕೊಂದಿದ್ದು ಅಜ್ಜಿ, ಹಿಡಿದಿದ್ದು ನಾನು!"

ಭಾನುವಾರ ಅವಳೇ ಬಂದು ನೀರು ಸೇದಿಕೊಂಡು ಹೋದಳು. ಮತ್ತೆ ಅದೇ ಉತ್ತರ. ಡಾಕ್ಟರು ಅದಕ್ಕೆ ತಕ್ಕ ಮಾತ್ರೆ ಕೊಟ್ಟರು; ನಾವು ನೀರು ಕಾಯಿಸತೊಡಗಿದೆವು. ತಿಂಗಳೊಳಗೆ ರಶ್ಮಿ ಎರಡನೇ ಮುದ್ದೆಗೆ ತಟ್ಟೆ ಚಾಚಿದಳು.

ಈ ಹೊಸ ಪರೀಕ್ಷೆಯ ಬಗ್ಗೆ ನಾನು ಅಚ್ಚುಕಟ್ಟಾದ ಸುದ್ದಿ ಬರೆದೆ. ಬಾವಿ ಮಾತ್ರ 'ಪಟ್ಟಣದ ಒಂದು ಮನೆಯದು' ಆಯಿತು. ಅಮ್ಮ ಕನ್ನಡಕ ಏರಿಸಿ ಎರಡು ಸಲ ಓದಿದಳು.

"ಒಂದು ಮನೆ ಅಂದ್ರೆ ಯಾರದಪ್ಪ? ಬೇರೆಯೋರ ಬಾವಿಯಾಗಿದ್ರೆ ಹೆಸರು ಹಾಕ್ತಿರ್ಲಿಲ್ವಾ? ನಮ್ಮ ಹುಡುಗಿ ಹಿಡಿದಿದ್ದು ನಮ್ಮ ಬಾವೀದು. ಬರಿ!"

ಆ ಬಾವಿ ನಮ್ಮದೇ ಎಂದು ಮರುದಿನವೇ ತಿದ್ದುಪಡಿ ಕಳಿಸಿದೆ. ತಪ್ಪೊಪ್ಪಿಕೊಂಡ ಪತ್ರಿಕೆಯ ಇಪ್ಪತ್ತು ಪ್ರತಿ ಕೊಂಡು ಬೀದಿಗೆಲ್ಲ ಹಂಚಿದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ.